ಎಡೆದೊರೆಗೆ ಬಂದವರು ಹೊಳೆ ಕಾಣದೆ ಹೋಗುತ್ತಾರೆ

ಹಳೆಯ ಶಾಸನಗಳು ರಾಯಚೂರು ಸೀಮೆಯನ್ನು ‘ಎಡೆದೊರೆ ನಾಡು’ ಎಂದು ಕರೆಯುತ್ತವೆ. ಎರಡು ತೊರೆಗಳ ನಡುವಿನ ನಾಡು. ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಈ ಎರಡರ ನಡುವಿನ ಕರಿಮಣ್ಣಿಗಾಗಿ ನಡೆದಷ್ಟು ಯುದ್ಧಗಳು ಕರ್ನಾಟಕದ ಇನ್ನಾವ ನೆಲಕ್ಕಾಗಿಯೂ ನಡೆದಿರಲಿಕ್ಕಿಲ್ಲ. ಆದರೂ ಇಂದು ರಾಯಚೂರಿಗೆ ಬರುವ ಹೊರಊರಿನವರಲ್ಲಿ ಹೆಚ್ಚಿನವರು ಎರಡೂ ಹೊಳೆಗಳನ್ನು ಕಾಣದೆ ಮರಳುತ್ತಾರೆ. ರೈಲಿನಿಂದ ಇಳಿದು, ಮಂತ್ರಾಲಯದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ ಹೊರಡುತ್ತಾರೆ. ಆಚೆ ದಡದ ಮಂತ್ರಾಲಯದಲ್ಲಿ ತುಂಗಭದ್ರೆಯ ಸ್ನಾನವೂ ಆಗುತ್ತದೆ. ಈಚೆ ದಡದಲ್ಲಿ, ರಾಯಚೂರು ತಾಲ್ಲೂಕಿನಲ್ಲೇ, ರಾಯರ ಶಿಷ್ಯ ಅಪ್ಪಣಾಚಾರ್ಯರ ಬಿಚ್ಚಾಲಿ ಇದೆ ಎಂಬುದು ಗೊತ್ತಿದ್ದವರು ಮಾತ್ರ ಅಲ್ಲಿಗೂ ಹೋಗುತ್ತಾರೆ.

ಬೆಂಗಳೂರಿನ ಸ್ನೇಹಿತರು ನನ್ನನ್ನು ಕೇಳುವುದುಂಟು: ‘ಹಂಪಿ ಆಯಿತು, ಮಂತ್ರಾಲಯ ಆಯಿತು, ನಿಮ್ಮ ರಾಯಚೂರಿನಲ್ಲಿ ಹೊಳೆದಂಡೆಗೆ ಹೋದರೆ ನೋಡಲಿಕ್ಕೆ ಏನಿದೆ?’ ಪ್ರಶ್ನೆ ಸರಳ. ಉತ್ತರ ಹೇಳಹೊರಟರೆ ಪ್ರವಾಸದ ಮಾತು ಬೇಗ ಮುಗಿದು ಬೇರೆಯದೇ ಮಾತು ಶುರುವಾಗುತ್ತದೆ.

ಮೊದಲು ಸುಲಭದ ಉತ್ತರ. ರಾಯಚೂರು ನಗರ ಹೊಳೆದಂಡೆಯ ಊರಲ್ಲ. ಎರಡೂ ನದಿಗಳಿಗೆ ಊರು ಬಿಟ್ಟು ಹೋಗಬೇಕು. ಹೆಚ್ಚು ಖರ್ಚಿಲ್ಲದೆ ಎರಡನ್ನೂ ನೋಡುವ ದಾರಿ ರೈಲಿನದು. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಉತ್ತರದ ಕೃಷ್ಣಾ ನಿಲ್ದಾಣದಲ್ಲಿ ಹತ್ತಿ ದಕ್ಷಿಣದ ಮಂತ್ರಾಲಯ ರೋಡ್ ನಿಲ್ದಾಣದಲ್ಲಿ ಇಳಿದರೆ, ಎರಡು ಸೇತುವೆಗಳ ನಡುವೆ ಎಡೆದೊರೆ ನಾಡಿನ ಅಗಲವೆಲ್ಲ ಕಿಟಕಿಯಲ್ಲಿ ಹಾದುಹೋಗುತ್ತದೆ. ನಡುವೆ ರಾಯಚೂರಿನಲ್ಲಿ ಇಳಿದು ಕೋಟೆ ನೋಡಬಹುದು. ಕಾಕತೀಯರ ಕಾಲದ, 1294ರ ತೆಲುಗು ಶಾಸನವಿರುವ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲು ಅಲ್ಲಿನ ಗೋಡೆಯಲ್ಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿ ತಂದ ಬಗೆಯನ್ನೂ ಗೋಡೆಯಲ್ಲಿಯೇ ಕೆತ್ತಿದ್ದಾರೆ.

1520ರ ರಾಯಚೂರು ಯುದ್ಧವೂ ಕೊನೆಯಾದದ್ದು ಹೊಳೆಯಲ್ಲೇ. ಕೃಷ್ಣೆಯನ್ನು ದಾಟಿ ಬಂದ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯ ಕೃಷ್ಣದೇವರಾಯನಿಗೆ ಸೋತು ಹಿಂದೆ ಸರಿದಾಗ ನದಿಯಲ್ಲಿ ಮುಳುಗಿದವರನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬಣ್ಣಿಸಿದ್ದಾನೆ. ಕೃಷ್ಣೆಯನ್ನು ದಾಟುವುದು ಸೈನಿಕರಿಗಷ್ಟೇ ಅಲ್ಲ, ದಂಡೆಯ ಸಾಮಾನ್ಯ ಜನರಿಗೂ ಎಂದೂ ಸುಲಭವಾಗಿರಲಿಲ್ಲ. ಇದನ್ನು ತಿಳಿಯಲು ಐದು ಶತಮಾನ ಹಿಂದೆ ಹೋಗಬೇಕಿಲ್ಲ.

ಹೈದರಾಬಾದ್ ರಸ್ತೆಯಲ್ಲಿ ಹೋದರೆ ದೇವಸೂಗೂರು ಸಿಗುತ್ತದೆ. ಸೂಗೂರೇಶ್ವರನ ಗುಡಿ, ನಿಜಾಮರ ಕಾಲದ ಸೇತುವೆ, ಪಕ್ಕದಲ್ಲಿ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹೊಗೆಗೊಳವೆಗಳು. 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಈ ಕೇಂದ್ರ ಎಂಟು ಘಟಕಗಳಿಗೆ, 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ರಾಜ್ಯಕ್ಕೆ ಬೆಳಕು, ಸುತ್ತಲಿನ ಹಳ್ಳಿಗಳಿಗೆ ಬೂದಿ. ಅತಿಥಿಗಳನ್ನು ಇಲ್ಲಿಗೆ ಕರೆತಂದಾಗ ನಾನು ಗುಡಿಯನ್ನೂ ಗೊಳವೆಯನ್ನೂ ಒಟ್ಟಿಗೇ ತೋರಿಸುತ್ತೇನೆ. ಗುಡಿಯನ್ನಷ್ಟೇ ತೋರಿಸಿದರೆ ಇಂದಿನ ಕೃಷ್ಣೆಯನ್ನು ಅರ್ಧ ಮಾತ್ರ ತೋರಿಸಿದಂತೆ.

ಇದೇ ನದಿಯ ನಡುಗಡ್ಡೆಗಳಿಗೆ ವರ್ಷವಿಡೀ ಭಕ್ತರು ಬರುತ್ತಾರೆ. ಶ್ರೀಪಾದ ಶ್ರೀವಲ್ಲಭರ ಕುರುಗಡ್ಡೆ ದತ್ತ ಸಂಪ್ರದಾಯದವರಿಗೆ ದೊಡ್ಡ ಕ್ಷೇತ್ರ. ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ ಬರುತ್ತಾರೆ. ನಾರದಗಡ್ಡೆ ಇನ್ನೊಂದು. ತೆಪ್ಪದಲ್ಲಿ ಕೂತು ನೀರಿನ ಮಟ್ಟದಲ್ಲಿ ಕಣ್ಣಿಟ್ಟು ಕೃಷ್ಣೆಯನ್ನು ನೋಡುವ ಸುಖ ಯಾವ ಸೇತುವೆಯ ಮೇಲೂ ಸಿಗದು ಎಂದು ಬಂದವರು ಹೇಳುತ್ತಾರೆ; ನಾನೂ ಒಪ್ಪುತ್ತೇನೆ. ಆದರೆ ಯಾತ್ರಿಕನಿಗೆ ಒಂದು ದಿನದ ಸುಖವಾದ ಈ ತೆಪ್ಪ ನಡುಗಡ್ಡೆಯ ನಿವಾಸಿಗೆ ಬದುಕಿನ ಅನಿವಾರ್ಯ. ಸಂತೆಗೂ ಶಾಲೆಗೂ ಹೆರಿಗೆಗೂ ಅದರಲ್ಲೇ ಹೋಗಬೇಕು. 2020ರ ಆಗಸ್ಟ್‌ನಲ್ಲಿ ಕುರ್ವಕಲಾದಿಂದ ತೆಲಂಗಾಣದ ದಡಕ್ಕೆ ಹೊರಟ ತೆಪ್ಪ ತುಂಬಿದ ಹೊಳೆಯಲ್ಲಿ ಮಗುಚಿತು. ಕೆಲವರು ಪಾರಾದರು, ನಾಲ್ವರು ನೀರುಪಾಲಾದರು. ಅವರಾರೂ ವಿಹಾರಕ್ಕೆ ಹೊರಟವರಲ್ಲ. ಸೇತುವೆಗಾಗಿ ಆ ಜನ ಕಾದ ವರ್ಷಗಳು ಕಡಿಮೆಯಲ್ಲ. ‘ಕೃಷ್ಣೆಯಲ್ಲಿ ಜಲವಿಹಾರ’ ಎಂಬ ಯೋಜನೆಗೆ ಹಣ ಕೇಳುವವರು ಮೊದಲು ನಡುಗಡ್ಡೆಯ ಮಕ್ಕಳು ಶಾಲೆಗೆ ಹೋಗುವ ತೆಪ್ಪದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಜೀವರಕ್ಷಕ ಕವಚ ಇದೆಯೇ ಎಂದು ನೋಡಲಿ. ಅದಿಲ್ಲದ ಕಡೆ ಪ್ರವಾಸಿಗೆ ದೋಣಿ ತರುವುದು ನನಗೆ ಅಶ್ಲೀಲವಾಗಿ ಕಾಣುತ್ತದೆ.

ಮೇಲ್ಭಾಗಕ್ಕೆ, ದೇವದುರ್ಗದ ಕಡೆಗೆ ಹೋದರೆ ಕೃಷ್ಣೆಯ ಸ್ವಭಾವ ಇನ್ನೂ ಸ್ಪಷ್ಟ. ದಾರಿಯಲ್ಲಿ ಗಬ್ಬೂರು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಅಲ್ಲಿ ಎಷ್ಟಿವೆಯೆಂದರೆ ಅರ್ಧ ದಿನ ಸಾಲದು. ಮಳೆ ಶಂಕರನ ಗುಡಿಯನ್ನಂತೂ ಬಿಡಬಾರದು. ಮುಂದೆ ಹೊಳೆದಂಡೆಯಲ್ಲಿ ಕೊಪ್ಪರದ ನರಸಿಂಹ. ಗೂಗಲ್‌ನಲ್ಲಿ ಅಲ್ಲಮಪ್ರಭುವಿನ ಸನ್ನಿಧಿ. ಈ ಊರನ್ನು ಅಂತರ್ಜಾಲದಲ್ಲಿ ಹುಡುಕಹೊರಟವರಿಗೆ ಆಗುವ ಫಜೀತಿಯನ್ನು ನಾನು ವಿವರಿಸಬೇಕಿಲ್ಲ. ಹೂವಿನಹೆಡಗಿಯ ಸೇತುವೆಯ ಮೇಲೆ ನಿಂತರೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಸೀಳಿಕೊಂಡು ಹರಿಯುವ ತೆಳುವಾದ ಧಾರೆ. ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದ ಗೇಟು ತೆರೆದರೆ ಸೇತುವೆಯೇ ಕಾಣಿಸದು. 2019ರ ಆಗಸ್ಟ್‌ನಲ್ಲಿ ಹಾಗೆಯೇ ಆಯಿತು. ದೇವದುರ್ಗಕ್ಕೂ ಕಲಬುರಗಿಗೂ ಸಂಪರ್ಕವೇ ಕಡಿದುಹೋಯಿತು.

ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಮೇಲೆ ಬಿಸಿಲು ಕಾಯುತ್ತಿದ್ದರೂ ನೂರಾರು ಮೈಲಿ ದೂರದ ಸಹ್ಯಾದ್ರಿಯ ಮಳೆ ಇಲ್ಲಿ ಹೊಳೆಯನ್ನು ಏರಿಸುತ್ತದೆ. ದಂಡೆಯ ಹಳ್ಳಿಗಳಲ್ಲಿ ಡಂಗುರ ಸಾರುತ್ತಾರೆ, ನಿಜ. ಆದರೆ ಆಗತಾನೆ ಕಾರಿನಿಂದಿಳಿದು ಪ್ಯಾಂಟು ಮಡಚಿ ನೀರಿಗಿಳಿಯುವ ಕುಟುಂಬಕ್ಕೆ ಆ ಡಂಗುರ ಕೇಳಿಸಿರುವುದಿಲ್ಲ. ಇಂದು ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ, ನೀರು ಇಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಈ ಮಡುವಿನಲ್ಲಿ ಮೊಸಳೆ ಇದೆಯೇ (ಕೃಷ್ಣೆಯಲ್ಲಿ ಮೊಸಳೆಗಳಿವೆ, ಇದು ಅಜ್ಜಿಕತೆಯಲ್ಲ) ಎಂದು ಪ್ರತಿ ಸ್ನಾನಘಟ್ಟದಲ್ಲೂ ಸೀಮೆಸುಣ್ಣದಲ್ಲಿ ಬರೆದ ಒಂದು ಕರಿಹಲಗೆ ಇದ್ದರೆ ಸಾಕು. ಅದಕ್ಕೆ ಕೋಟಿಗಳು ಬೇಡ, ದಿನವೂ ಬರೆಯುವ ಒಬ್ಬ ಮನುಷ್ಯ ಬೇಕು.

ತುಂಗಭದ್ರೆಯ ಕಡೆ, ಮಾನ್ವಿ ಸೀಮೆಗೆ ಬಂದರೆ ಮಾತಿನ ಧಾಟಿ ಬದಲಾಗುತ್ತದೆ. ಇದು ದಾಸರ ನೆಲ. ವಿಜಯದಾಸರು ಹುಟ್ಟಿದ್ದು ತುಂಗಭದ್ರೆಯ ದಂಡೆಯ ಚೀಕಲಪರವಿಯಲ್ಲಿ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ, ಹರಿಕಥಾಮೃತಸಾರದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಕೃಷ್ಣೆಯಿಂದ ತುಂಗಭದ್ರೆಯವರೆಗೆ, ಗುರುವಿನಿಂದ ಶಿಷ್ಯನಿಗೆ ದಾಟಿದ ಈ ಪರಂಪರೆಯ ಊರುಗಳನ್ನು ಎರಡೇ ದಿನಗಳಲ್ಲಿ ಸುತ್ತಬಹುದು. ರಾಜೊಳ್ಳಿಬಂಡಾ ಒಡ್ಡಿನ ಮೇಲೆ ನೀರು ಹಾರುವುದನ್ನೂ ಇದೇ ಸುತ್ತಿನಲ್ಲಿ ನೋಡಬಹುದು. ಒಡ್ಡು ನಮ್ಮ ನೆಲದಲ್ಲಿ, ಅದರ ನೀರು ಲೆಕ್ಕದ ಪ್ರಕಾರ ನಮ್ಮ 5,879 ಎಕರೆಗೆ, ತೆಲಂಗಾಣದ 87,500 ಎಕರೆಗೆ.

ಆದರೆ ಚೀಕಲಪರವಿಯ ಹೆಸರು 2018ರಲ್ಲಿ ರಾಜ್ಯದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ದಾಸರ ಕಾರಣಕ್ಕಲ್ಲ. ಮರಳು ಸಾಗಣೆ ತಡೆಯಲು ಹೋದ ಅಲ್ಲಿನ ಗ್ರಾಮ ಲೆಕ್ಕಾಧಿಕಾರಿಯ ಮೇಲೆ ಲಾರಿ ಹರಿದು ಅವರು ಸತ್ತರು. ದೇವದುರ್ಗದಲ್ಲೂ ಮಾನ್ವಿಯಲ್ಲೂ ಹೊಳೆದಂಡೆಗೆ ಹೋಗುವ ಹಳ್ಳಿಯ ದಾರಿಗಳು ಕಿತ್ತುಹೋಗಿರುವುದಕ್ಕೆ ಬಸ್ಸು ಕಾರಣವಲ್ಲ. ಮರಳು ಬಗೆದ ಕಡೆ ನದಿಯೊಳಗೆ ಗುಂಡಿಗಳು ಉಳಿಯುತ್ತವೆ. ಮೊಣಕಾಲುದ್ದ ನೀರೆಂದು ಕಾಲಿಟ್ಟವನು ಆಳುದ್ದ ಮುಳುಗುತ್ತಾನೆ. ದಂಡೆಯನ್ನೇ ಲಾರಿಗೆ ತುಂಬಿ ಕಳಿಸುತ್ತ, ದಂಡೆಯ ಪ್ರವಾಸೋದ್ಯಮಕ್ಕೆ ವರದಿ ಬರೆಸುವುದು ನಮ್ಮ ಆಡಳಿತಕ್ಕೆ ಮಾತ್ರ ಸಾಧ್ಯ.

ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಗೆ ಕಾಂಕ್ರೀಟು ಕಟ್ಟಿದ ಮೇಲೆ ಹೊಳೆ ಇರುವ ಊರುಗಳಿಗೆಲ್ಲ ಅಂಥದೇ ಒಂದು ಬೇಕೆನಿಸಿದೆ. ನಮ್ಮ ಕಡೆಗೂ ಆ ಗಾಳಿ ಬೀಸಿದರೆ ಆಶ್ಚರ್ಯವಿಲ್ಲ. ನಡೆಹಾದಿ, ಬಣ್ಣದ ದೀಪ, ಕಾರಂಜಿ. ಎರಡು ಜೀವನದಿಗಳ ನಡುವಿನ ರಾಯಚೂರು ನಗರದಲ್ಲಿ 2022ರಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಅತಿಥಿಗೆ ಮೊದಲು ಒಂದು ತಂಬಿಗೆ ನೀರು ಕೊಡುವುದು ಈ ಸೀಮೆಯ ಪದ್ಧತಿ. ಆ ನೀರನ್ನು ಅಂಜಿಕೆಯಿಲ್ಲದೆ ಕೊಡುವಂತಾದರೆ ಕಾರಂಜಿ ಇನ್ನಷ್ಟು ದಿನ ತಡವಾದರೂ ಅಡ್ಡಿಯಿಲ್ಲ. ಘಟ್ಟಗಳಲ್ಲಿ ಹೆಂಗಸರಿಗೆ ಬಟ್ಟೆ ಬದಲಿಸಲು ಒಂದು ಕೋಣೆ, ನೀರಿರುವ ಶೌಚಾಲಯ, ದಿನಕ್ಕೆರಡು ಬಾರಿ ಹೇಳಿದ ಹೊತ್ತಿಗೆ ಬರುವ ಸಾರಿಗೆ ನಿಗಮದ ಬಸ್ಸು, ತೆಪ್ಪ ನಡೆಸುವವರಿಗೆ ಪರವಾನಗಿ ಮತ್ತು ವಿಮೆ. ಇವೆಲ್ಲ ದಂಡೆಯ ಜನರಿಗೂ ಬೇಕಾದವೇ. ಪ್ರವಾಸಿಯ ಹೆಸರಿನಲ್ಲಾದರೂ ಅವು ಬಂದರೆ ನನ್ನ ತಕರಾರಿಲ್ಲ.

ಅಷ್ಟರವರೆಗೆ ಬರುವವರು ಬರಬಾರದೆಂದೇನೂ ಅಲ್ಲ. ದಸರೆ ಕಳೆದು ಹೊಳೆ ಇಳಿದ ಮೇಲೆ, ಬಿಸಿಲು ಏರುವ ಶಿವರಾತ್ರಿಗೆ ಮುಂಚೆ ಬನ್ನಿ. ಬುತ್ತಿ ಕಟ್ಟಿಕೊಳ್ಳಿ: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಂದು ದಿನ ಗಬ್ಬೂರು, ಕೊಪ್ಪರ. ಇನ್ನೊಂದು ದಿನ ಮಾನ್ವಿ, ಚೀಕಲಪರವಿ. ಕುರುಗಡ್ಡೆಗೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಕತ್ತಲಾಗುವ ಮುಂಚೆ ಮರಳಿ. ತೆಪ್ಪದಲ್ಲಿ ಜನ ಹೆಚ್ಚಾದರೆ ಇಳಿದು ಮುಂದಿನದಕ್ಕೆ ಕಾಯಿರಿ. ಕೃಷ್ಣೆಯಾಗಲಿ ತುಂಗಭದ್ರೆಯಾಗಲಿ, ನೀರಿಗಿಳಿಯುವ ಮುನ್ನ ದಂಡೆಯಲ್ಲಿ ಬಟ್ಟೆ ಒಗೆಯುವ ಅವ್ವನನ್ನೋ ಬಲೆ ಒಣಗಿಸುವ ಅಣ್ಣನನ್ನೋ ‘ಇಲ್ಲಿ ಆಳ ಎಷ್ಟೈತ್ರಿ?’ ಎಂದು ಕೇಳಿ. ಹೇಳುತ್ತಾರೆ.