ಬಿಳಲು ಬಿಡದ ಆಲ

ನಗರದ ನಮ್ಮ ಕನ್ನಡ ಕ್ರೈಸ್ತ ಸಭೆಗಳಲ್ಲಿ ಇಂದು ಎಲ್ಲಿ ನೋಡಿದರೂ ಕಟ್ಟಡ ನಿಧಿಯದೇ ಮಾತು. ಗೋಪುರ ಎಷ್ಟು ಎತ್ತರವೆಂದು ಕೇಳುವವರಿದ್ದಾರೆ. ಸಭಾಪಾಲಕರು ವರ್ಗವಾಗಿ ಹೋದರೆ ಪ್ರಾರ್ಥನೆ ನಡೆಸುವವರು ಯಾರೆಂದು ಕೇಳುವವರಿಲ್ಲ.

ಕೋಲ್ಕತ್ತದ ಬಳಿಯ ಹೌರಾ ಸಸ್ಯೋದ್ಯಾನದಲ್ಲಿ ಒಂದು ಮಹಾ ಆಲದ ಮರವಿದೆ. ಶಿಲೀಂಧ್ರ ತಗುಲಿ ಕೊಳೆತ ಅದರ ನಡುಕಾಂಡವನ್ನು 1925ರಲ್ಲಿ ಕಡಿದು ತೆಗೆದರು. ಮರ ಸಾಯಲಿಲ್ಲ. ಕೊಂಬೆಗಳಿಂದ ಇಳಿದು ಬೇರೂರಿದ ಸಾವಿರಾರು ಬಿಳಲುಗಳು ಅದನ್ನು ಇಂದಿಗೂ ಹೊತ್ತು ನಿಂತಿವೆ.

ಇದು ಮರದ ಕಥೆ ಮಾತ್ರವಲ್ಲ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅದರ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ಹೊರಗೆ ಕಳುಹಿಸಿತು. ಕಾಂಡ ಹೋಯಿತು, ಸಭೆಗಳು ಉಳಿದವು. ಊರಿನ ಬೋಧಕರೂ ಹಿರಿಯರೂ ಅಷ್ಟು ಹೊತ್ತಿಗೆ ಬಿಳಲುಗಳಾಗಿ ಬೇರೂರಿದ್ದರು.

ಹೀಗೆ ಅಲ್ಲಲ್ಲಿ ಬೇರೂರಿದರೆ ಒಗ್ಗಟ್ಟು ಒಡೆಯುತ್ತದೆಂಬುದು ಕೆಲವು ಹಿರಿಯರ ಆಕ್ಷೇಪ. ನಾವು ಒಪ್ಪಲಾರೆವು. ಬಿಳಲು ಎಲ್ಲಿ ಊರಿದರೂ ಅದೇ ಮರದ್ದು. ಆದರೆ ಸುತ್ತಲೂ ಸಿಮೆಂಟು ಬಳಿದರೆ ಅದು ಊರುವುದಾದರೂ ಎಲ್ಲಿ? ತರುಣರಿಗೂ ಹೆಂಗಸರಿಗೂ ಹೊಣೆ ಕೊಡದೆ, ಮಕ್ಕಳಿಗೆ ಕನ್ನಡ ಬೈಬಲ್ ಓದಲು ಕಲಿಸದೆ ನಾವು ಬಳಿಯುತ್ತಿರುವುದು ಸಿಮೆಂಟನ್ನೇ.

ದೇವಾಲಯ ಬೇಡವೆಂದು ನಾವು ಹೇಳುತ್ತಿಲ್ಲ. ಬಡಾವಣೆಗೊಂದು ಮನೆಪ್ರಾರ್ಥನೆ, ಅದನ್ನು ತಾವಾಗಿ ನಡೆಸಬಲ್ಲ ಇಬ್ಬರು, ಇಷ್ಟು ಮೊದಲಾಗಲಿ. ಗೋಪುರದ ಮಾತು ಆಮೇಲೆ ಆಡೋಣ.