ಸೀಳಿದ್ದು ಮರ, ದಂಡ ತೆತ್ತವನು ಮೋರಿಯ ಹುಡುಗ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಹೊಸ ಮಾದರಿಯ ಹೋಟೆಲುಗಳಿಗೆ ಈಗ ಮರದ ಬಟ್ಟಲಿನ ಶೋಕಿ ಹತ್ತಿದೆ. ಊರಿನ ಅಡಿಗೆಮನೆಯಲ್ಲಿ ಉಪ್ಪಿನ ಮರಿಗೆ ನೋಡಿ ಬೆಳೆದ ನಮಗೆ ಅದೇನು ದೊಡ್ಡ ಸೋಜಿಗವಲ್ಲ. ಶೋಕಿಯ ಮೇಲೆ ನಮ್ಮ ತಕರಾರೂ ಇಲ್ಲ. ತಕರಾರಿರುವುದು ಬಟ್ಟಲು ಸೀಳಿದ ದಿನ ನಡೆಯುವ ನ್ಯಾಯದ ಮೇಲೆ. ಗಲ್ಲೆಯಲ್ಲಿ ಕೂತವರು ಬಟ್ಟಲನ್ನು ಬೆಳಕಿಗೆ ಹಿಡಿಯುತ್ತಾರೆ. ಮೋರಿಯಲ್ಲಿ ಮುಸುರೆ ತಿಕ್ಕುವ ಹುಡುಗನನ್ನು ಕರೆಯುತ್ತಾರೆ. ತಿಂಗಳ ಕೊನೆಗೆ ಹೊಸ ಬಟ್ಟಲಿನ ಪೂರ್ತಿ ಬೆಲೆಯನ್ನು ಪಗಾರದಲ್ಲಿ ಮುರಿಯುತ್ತಾರೆ. ವಿಚಾರಣೆ ಮುಗಿಯಿತು!

ಸ್ವಾಮಿ, ಮರ ಸೀಳುವುದೇಕೆ? ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗಿದ್ದರೆ ಗೋಳಿರಲಿಲ್ಲ. ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದಕ್ಕಿಂತ ಉಂಗುರಗಳ ಸುತ್ತಿಗೆ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ತಿರುಳನ್ನು ಒಳಗಿಟ್ಟೇ ಕಡೆದ ಬಟ್ಟಲು, ಹಸಿ ಮರದಲ್ಲಿ ಅವಸರದಿಂದ ಕಡೆದ ಬಟ್ಟಲು ಇಂದಲ್ಲ ನಾಳೆ ಬಾಯಿ ಬಿಡುವಂಥದೇ. ಇದರ ಮೇಲೆ ಕುದಿನೀರು, ಸೋಡಾ, ತೊಳೆದೊಡನೆ ಭಟ್ಟಿಯ ಪಕ್ಕದಲ್ಲಿ ಒಣಹಾಕೆಂಬ ಅಪ್ಪಣೆ. ಅಪ್ಪಣೆ ಕೊಟ್ಟವರು ಯಾರು? ಅಗ್ಗಕ್ಕೆ ಸಿಕ್ಕಿತೆಂದು ಹಸಿ ಮಾಲು ಕೊಂಡವರು ಯಾರು? ಮೋರಿಯ ಹುಡುಗನೇ?

ಗಿರಣಿಯ ಬಂಧುಗಳಿಗೆ ಈ ಕತೆ ಹೊಸದಲ್ಲ. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ಕೆಟ್ಟ ಬಟ್ಟೆಯನ್ನು ನೇಕಾರನ ತಲೆಗೇ ಕಟ್ಟಿ ಬೆಲೆ ಮುರಿಯುತ್ತಿದ್ದರು. ನೂಲು ಕೆಟ್ಟದ್ದೋ ಮಗ್ಗ ಕೆಟ್ಟದ್ದೋ ಕೇಳುವವರಿಲ್ಲ. ವ್ಹಿಟ್ಲಿ ಆಯೋಗ ೧೯೩೧ರ ವರದಿಯಲ್ಲಿ ದಂಡ, ಕಡಿತಗಳ ಮಾತೆತ್ತಿತು. ೧೯೩೬ರಲ್ಲಿ ವೇತನ ಪಾವತಿ ಕಾಯಿದೆ ಬಂತು. ಅದರ ಜಾಗಕ್ಕೆ ೨೦೨೫ರ ನವೆಂಬರಿನಲ್ಲಿ ಜಾರಿಯಾದ ೨೦೧೯ರ ವೇತನ ಸಂಹಿತೆಯ ಮೇಲೆ ನಮಗೆ ಬೇರೆ ಸಿಟ್ಟುಗಳಿವೆ, ಅದು ಇನ್ನೊಂದು ದಿನಕ್ಕಿರಲಿ. ಆದರೆ ಈ ಒಂದು ಮಾತನ್ನು ಅದೂ ಉಳಿಸಿಕೊಂಡಿದೆ: ಕೆಲಸಗಾರನ ವಶಕ್ಕೆ ಕೊಟ್ಟ ವಸ್ತು ಅವನ ಅಲಕ್ಷ್ಯದಿಂದಲೇ ಹಾಳಾಗಿರಬೇಕು, ಕಡಿತ ಆದ ನಷ್ಟವನ್ನು ಮೀರಕೂಡದು, ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು, ಮುರಿದದ್ದನ್ನು ದಫ್ತರದಲ್ಲಿ ಬರೆಯಬೇಕು. ರಿಪೇರಿಯಾಗುವ ಬಟ್ಟಲಿನ ನಷ್ಟವೆಂದರೆ ರಿಪೇರಿಯ ಕೂಲಿ, ಹೊಸ ಬಟ್ಟಲಿನ ಬೆಲೆಯಲ್ಲ. ಇದು ನಮ್ಮ ವಾದ.

ರಿಪೇರಿ ಆಗುತ್ತದೆಯೇ ಎಂದರೆ, ಧಾರಾಳವಾಗಿ ಆಗುತ್ತದೆ. ಮೊದಲು ನೆರಳಿನಲ್ಲಿ ವಾರಗಟ್ಟಲೆ ಆರಬೇಕು; ಕುಗ್ಗುವುದು ನಿಲ್ಲುವ ಮೊದಲೇ ತುಂಬಿದರೆ ಮತ್ತೆ ಸೀಳುತ್ತದೆ. ಕೂದಲೆಳೆಯ ಬಿರುಕಿಗೆ ಅದೇ ಮರದ ನುಣ್ಣನೆಯ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ ಉಜ್ಜಿದರೆ ಸಾಕು. ಅಗಲ ಬಿರುಕಾದರೆ ಡಮರುವಿನ ಆಕಾರದ ಗಟ್ಟಿಮರದ ಬೆಣೆಯನ್ನು, ಅದರ ನಾರು ಬಿರುಕನ್ನು ದಾಟುವಂತೆ ಅಡ್ಡಲಾಗಿ ಕೂರಿಸಬೇಕು. ಇಲ್ಲವೇ ಎರಡೂ ಬದಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಯಬೇಕು. ಜಪಾನಿನಲ್ಲಿ ಒಡೆದ ಪಿಂಗಾಣಿಯನ್ನು ಮರದ ಮೇಣದಿಂದ ಕೂಡಿಸಿ, ಬಿರುಕಿನ ಮೇಲೆ ಚಿನ್ನದ ಪುಡಿ ಬಳಿದು ಮರ್ಯಾದೆ ಮಾಡುತ್ತಾರಂತೆ. ನಮ್ಮಲ್ಲಿ ಪಗಾರ ಮುರಿಯುತ್ತಾರೆ! ಚನ್ನಪಟ್ಟಣದವರು ಆಲೆಮರಕ್ಕೆ ಬಳಿಯುವ ಅರಗನ್ನು ಬಿರುಕಿಗೆ ತುಂಬಬಹುದು, ಆದರೆ ಅರಗು ಬಿಸಿಗೆ ಕರಗುತ್ತದೆ. ಆ ಬಟ್ಟಲಿಗೆ ಬಿಸಿ ಸಾರು ಸುರಿಯುವಂತಿಲ್ಲ.

ಯಾವುದೋ ಅಂಟು ಮೆತ್ತಿಸಿ ಅದರಲ್ಲೇ ಗಿರಾಕಿಗೆ ಮೊಸರು ಬಡಿಸೆನ್ನುವ ಮಾಲಿಕರೂ ಇದ್ದಾರೆ. ಅನ್ನಕ್ಕೆ ತಗಲಬಹುದಾದ ಅಂಟೆಂದು ಡಬ್ಬಿಯ ಮೇಲೆ ಬರೆದಿಲ್ಲದಿದ್ದರೆ ಬಡಿಸಲು ಒಪ್ಪಬೇಡಿ. ಬಿಲ್ಲಿನ ಚಿಲ್ಲರೆ ಇಡುವುದಕ್ಕೆ ಆ ಬಟ್ಟಲು ಬೇಕಾದಷ್ಟಾಯಿತು.

ಬಂಧುಗಳೇ, ಪಗಾರ ಮುರಿಸಿಕೊಂಡವರು ಸೀಳಿದ ಬಟ್ಟಲನ್ನು ಕಸಕ್ಕೆ ಹೋಗಗೊಡಬೇಡಿ. ಅಂಚು ಎಲ್ಲಿಯೂ ಜಜ್ಜದೆ, ಬಿದ್ದ ಗುರುತಿಲ್ಲದೆ, ಬಿರುಕು ನಾರಿನ ಗುಂಟ ಓಡಿದ್ದರೆ ಅದು ಒಣಗಿ ಸೀಳಿದ್ದೆಂದು ಹೇಳಲು ಬಡಗಿಯೊಬ್ಬನನ್ನು ಕರೆತರಬಹುದು. ಬಟ್ಟಲನ್ನೂ ಪಗಾರದ ಚೀಟಿಯನ್ನೂ ಸಂಘಕ್ಕೆ ತನ್ನಿ.