ಅನಗತ್ಯವೆನಿಸಿದ ಕಾಡು, ಅನಗತ್ಯವೆನಿಸಿದ ಜನ

2019ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಕಾವಲುಗಾರರು ವಿರಳವಾಗಿದ್ದ ದಿನಗಳಲ್ಲಿ ಪ್ರವಾಸಿಗರು ವಾಹನಗಳಿಗೆ ಹೊಸ ದಾರಿ ಮಾಡಿಕೊಂಡು ಮರುಭೂಮಿಯ ನೆಲವನ್ನು ಉತ್ತರು. ಕೆಲವೆಡೆ ಜೋಶುವಾ ಮರಗಳೇ ಉರುಳಿದವು. ವರ್ಷಕ್ಕೆ ಕೆಲವೇ ಅಂಗುಲ ಬೆಳೆಯುವ ಮರವದು. ಈ ಹಾನಿ ತುಂಬಿಬರಲು 200ರಿಂದ 300 ವರ್ಷ ಬೇಕೆಂದು ಉದ್ಯಾನದ ಹಿಂದಿನ ಮುಖ್ಯಾಧಿಕಾರಿಯೊಬ್ಬರು ಹೇಳಿದರು. ಕಸ ಎತ್ತಿದವರು, ಶೌಚಾಲಯ ತೊಳೆದವರು ಸುತ್ತಲಿನ ಊರಿನ ಸ್ವಯಂಸೇವಕರು.

ಕಾರಣ, ಸರ್ಕಾರಕ್ಕೇ ಬೀಗ ಬಿದ್ದಿತ್ತು. ಮೆಕ್ಸಿಕೋ ಗಡಿಯ ಗೋಡೆಗೆ ಹಣ ಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ ಅಧ್ಯಕ್ಷರೂ ಸಂಸತ್ತೂ ಒಮ್ಮತಕ್ಕೆ ಬಾರದೆ, 2018ರ ಡಿಸೆಂಬರ್ 22ರಿಂದ 35 ದಿನ ಒಕ್ಕೂಟ ಸರ್ಕಾರದ ಹಲವು ಇಲಾಖೆಗಳು ಸ್ಥಗಿತಗೊಂಡವು. ಅನುಮೋದನೆಯಿಲ್ಲದೆ ಖರ್ಚು ಕೂಡದೆಂಬ ಕಾಯಿದೆ ಆ ದೇಶದಲ್ಲಿ 1884ರಷ್ಟು ಹಳೆಯದು. ಆದರೆ ಕಚೇರಿಗಳನ್ನೇ ಮುಚ್ಚಬೇಕೆಂಬ ಕಟ್ಟುನಿಟ್ಟಿನ ವ್ಯಾಖ್ಯಾನ ಬಂದದ್ದು 1980ರಲ್ಲಿ, ಅಂದಿನ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಅವರಿಂದ. ಅಲ್ಲಿಯವರೆಗೆ ಅನುಮೋದನೆ ತಡವಾದರೂ ಕೆಲಸ ಬಹುಮಟ್ಟಿಗೆ ನಡೆಯುತ್ತಿತ್ತು. ಭಾರತದಲ್ಲಿ ಸಂವಿಧಾನದ 116ನೆಯ ವಿಧಿಯ ಲೇಖಾನುದಾನ ಇರುವುದರಿಂದ ಇಂತಹ ಪರಿಸ್ಥಿತಿ ಒದಗುವುದಿಲ್ಲ.

ಜೀವ ಮತ್ತು ಆಸ್ತಿಯ ರಕ್ಷಣೆಗೆ ತುರ್ತಾಗಿ ಬೇಕಾದ ಕೆಲಸವಷ್ಟೇ ಅತ್ಯಗತ್ಯ, ಉಳಿದದ್ದು ನಿಲ್ಲಬೇಕು ಎಂಬುದು ನಿಯಮ. ಸರ್ಕಾರವೊಂದು ಯಾವುದನ್ನು ಅನಗತ್ಯವೆಂದು ಎಣಿಸುತ್ತದೆ ಎನ್ನುವುದು ಈ ಗಳಿಗೆಯಲ್ಲಿ ಬಯಲಾಗುತ್ತದೆ. 2018ರ ನವೆಂಬರಿನಲ್ಲಷ್ಟೇ ಸಿಯೆರಾ ನೆವಾಡಾದ ಅಡಿಬೆಟ್ಟದಲ್ಲಿರುವ ಪ್ಯಾರಡೈಸ್ ಎಂಬ ಊರು ಕಾಳ್ಗಿಚ್ಚಿಗೆ ಭಸ್ಮವಾಗಿ, ಆ ಬೆಂಕಿಯಲ್ಲಿ 85 ಜನ ಸತ್ತಿದ್ದರು. ಒಣ ಪೊದೆಗಳನ್ನು ಚಳಿಗಾಲದಲ್ಲಿಯೇ ಕಡಿದು, ಸುಟ್ಟು ತೆರವು ಮಾಡಬೇಕು. ಬೇಸಿಗೆಗೆ ಮುನ್ನ ಬೆಂಕಿರೇಖೆ ಎಳೆಯುವುದನ್ನು ಕಂಡ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಚಳಿಗಾಲದಲ್ಲಿ ಅರಣ್ಯ ಸೇವೆಯ ಆ ಕೆಲಸ ಅನೇಕ ಕಡೆ ನಿಂತುಹೋಯಿತು, ಬೆಂಕಿ ನಂದಿಸುವವರ ತರಬೇತಿಗಳು ರದ್ದಾದವು. ಬೆಂಕಿ ಹತ್ತಿದ ಮೇಲೆ ನಂದಿಸುವುದು ಅತ್ಯಗತ್ಯ, ಹತ್ತದಂತೆ ನೋಡಿಕೊಳ್ಳುವುದು ಅನಗತ್ಯ!

ಜನರ ಪಾಡೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಸುಮಾರು 8 ಲಕ್ಷ ನೌಕರರು ವೇತನವಿಲ್ಲದೆ ಕಳೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬರಿಗೈಯಲ್ಲಿ ದುಡಿಯುತ್ತಲೇ ಇದ್ದವರು. ಅವರಿಗೆ ಬಾಕಿ ಸಂಬಳವಾದರೂ ತರುವಾಯ ಬಂದಿತು. ಆದರೆ ಅದೇ ಕಟ್ಟಡಗಳ ಕಸ ಗುಡಿಸುವ, ಕಾವಲು ಕಾಯುವ, ಅಡುಗೆ ಮಾಡುವ ಗುತ್ತಿಗೆ ಕೆಲಸಗಾರರಿಗೆ ಕಳೆದುಹೋದ ದಿನಗಳ ಕೂಲಿ ಕೊಡಿಸುವ ಕಾನೂನು ಇರಲಿಲ್ಲ. ನವಾಹೋ ಮೂಲನಿವಾಸಿಗಳ ನೆಲದಲ್ಲಿ ರಸ್ತೆಯ ಮೇಲಿನ ಹಿಮ ತೆಗೆಯುವವರಿಲ್ಲದೆ, ದಿನಸಿಗೂ ಔಷಧಿಗೂ ಹತ್ತಾರು ಮೈಲಿ ಹೋಗಬೇಕಾದವರು ಮನೆಯಲ್ಲೇ ಸಿಕ್ಕಿಕೊಂಡರು. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನಗಳ ಸ್ಥಗಿತದಲ್ಲಿ, ಸುಮಾರು 4.2 ಕೋಟಿ ಬಡವರು ನೆಚ್ಚಿಕೊಂಡಿದ್ದ ಆಹಾರ ನೆರವು ನವೆಂಬರ್ ಮೊದಲ ದಿನವೇ ತಪ್ಪಿತು.

ಉದ್ಯಾನಗಳಿಗೆ ಬಾಗಿಲು ಹಾಕಿದ್ದರೆ ಸರಿಹೋಗುತ್ತಿತ್ತೆಂದೂ ಹೇಳಲಾಗದು. 2013ರ ಅಕ್ಟೋಬರಿನ 16 ದಿನ ಹಾಗೆಯೇ ಮಾಡಲಾಗಿತ್ತು. ಆಗ ಹೊಸ್ತಿಲ ಊರುಗಳ ಅಂಗಡಿ, ವಸತಿಗೃಹಗಳು ಬರಿದಾಗಿ, ಯೂಟಾ ರಾಜ್ಯ ತನ್ನ ಬೊಕ್ಕಸದ ಹಣ ಕೊಟ್ಟು ಉದ್ಯಾನಗಳನ್ನು ತೆರೆಸಬೇಕಾಯಿತು.

ಅರಣ್ಯ ಇಲಾಖೆಯೊಡನೆ ಜಗಳವಾಡಿ ಬೇಸತ್ತ ಬೆಟ್ಟದ ಜನರಿಗೆ, ಇಲಾಖೆಯೇ ಒಂದು ತಿಂಗಳು ಮುಚ್ಚಿದರೆ ನೆಮ್ಮದಿ ಎನ್ನಿಸಬಹುದು. ಆ ಬೇಸರಕ್ಕೆ ಕಾರಣಗಳೂ ಇವೆ. ಆದರೆ ಇಲಾಖೆ ಹಿಂದೆ ಸರಿದಾಗ ಜೋಶುವಾ ಮರಗಳ ನಡುವೆ ನುಗ್ಗಿದವು ವಾಹನಗಳು. ಕಾಡು ಸ್ಥಳೀಯರ ಕೈಗೆ ಬರಲಿಲ್ಲ. ಅವರ ಪಾಲಿಗೆ ಬಂದದ್ದು ಕಸ.

ಬಿಕ್ಕಟ್ಟು ಕೊನೆಗೊಂಡ ಬಗೆಯನ್ನು ಗಮನಿಸಬೇಕು. 2019ರ ಜನವರಿ 25ರಂದು ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ಕೆಲಕಾಲ ತಡೆಹಿಡಿಯಲಾಯಿತು. ಅದೇ ದಿನ ಒಪ್ಪಂದವಾಯಿತು. 2025ರಲ್ಲೂ ನವೆಂಬರ್ 7ರಿಂದ 40 ದೊಡ್ಡ ನಿಲ್ದಾಣಗಳಲ್ಲಿ ಹಾರಾಟ ತಗ್ಗಿಸಿದ ಆರನೆಯ ದಿನಕ್ಕೆ ಬೀಗ ತೆರೆಯಿತು. ಬೇರೆ ಒತ್ತಡಗಳೂ ಇದ್ದವು, ನಿಜ. ಆದರೂ ವಾರಗಟ್ಟಲೆ ಕಾದ ಮರಗಳಿಗೂ ಕೂಲಿಗಳಿಗೂ ಆ ತೂಕ ಎಂದೂ ಇರಲಿಲ್ಲ.

ಇದು ಬದಲಾಗದ ವಿಧಿಯೂ ಅಲ್ಲ. ಮೂಲನಿವಾಸಿಗಳ ಒತ್ತಾಯಕ್ಕೆ ಮಣಿದು ಅಮೆರಿಕದ ಸಂಸತ್ತು 2022ರ ಕೊನೆಯಲ್ಲಿ ಅವರ ಆರೋಗ್ಯ ಸೇವೆಗೆ ಒಂದು ವರ್ಷ ಮುಂಗಡವಾಗಿಯೇ ಹಣ ತೆಗೆದಿರಿಸುವ ಪದ್ಧತಿಯನ್ನು ಆರಂಭಿಸಿತು. 2019ರಲ್ಲಿ ಸಂಬಳವಿಲ್ಲದೆ ದುಡಿದ ಆ ಆಸ್ಪತ್ರೆಗಳ ಸಿಬ್ಬಂದಿಗೆ 2025ರಲ್ಲಿ ಸಂಬಳ ನಿಲ್ಲಲಿಲ್ಲ. ರಾಷ್ಟ್ರೀಯ ಉದ್ಯಾನಗಳಾದರೋ, ಆ 43 ದಿನವೂ ಬಹುಪಾಲು ತೆರೆದೇ ಇದ್ದವು, ಅರೆಬರೆ ಸಿಬ್ಬಂದಿಯೊಡನೆ.